ಬಿ ಮೆಸಾನ್ ಅಸಮತೆಯ ಲೆಕ್ಕ ತಪ್ಪುತ್ತಿದೆಯೇ? ದೋಷ ಹುಡುಕುವ ದಾರಿ

ಕೊಣಾಜೆ, ಸುರತ್ಕಲ್, ಮಣಿಪಾಲದ ಕಡೆ ಕಣಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್ ಹಿಡಿಯುವವರಿಗೆ ಜಿನೀವಾಕ್ಕೆ ಹೋಗದೆಯೇ ಸಿಗುವ ಅಸಲಿ ದತ್ತಾಂಶವೊಂದಿದೆ. ಎಲ್‌ಎಚ್‌ಸಿಬಿ ಪ್ರಯೋಗದವರು 2011ರಲ್ಲಿ 7 ಟಿಇವಿ ಶಕ್ತಿಯ ಪ್ರೋಟಾನ್ ಡಿಕ್ಕಿಗಳಿಂದ ಆಯ್ದು, ಜಿನೀವಾದ ಕಣಭೌತ ಪ್ರಯೋಗಾಲಯ ಸರ್ನ್‌ನ ಓಪನ್ ಡೇಟಾ ಪೋರ್ಟಲ್‌ನಲ್ಲಿ ಇಟ್ಟಿರುವ ಬಿ ಮೆಸಾನ್ ಕಡತಗಳು ಅವು. ಬಾಟಮ್ ಅಥವಾ ಪ್ರತಿ-ಬಾಟಮ್ ಕ್ವಾರ್ಕ್ ಇರುವ, ಕ್ಷಣದಲ್ಲೇ ಒಡೆಯುವ ಕಣ ಬಿ ಮೆಸಾನ್; ಬಿ⁺ ಮತ್ತು ಬಿ⁻ ಒಂದಕ್ಕೊಂದು ಪ್ರತಿಕಣ. ಬಿ⁺ ಅಥವಾ ಬಿ⁻ ಒಡೆದು ಕೇಯಾನ್, ಪೈಯಾನಿನಂಥ ಮೂರು ಆವೇಶಯುಕ್ತ ಹ್ಯಾಡ್ರಾನ್‌ಗಳಾದಂತೆ ಕಾಣುವ ಸುಮಾರು 85 ಲಕ್ಷ ಘಟನೆಗಳು ಇವುಗಳಲ್ಲಿವೆ. ಅಯಸ್ಕಾಂತ ಮೇಲ್ಮುಖವಾಗಿದ್ದಾಗಿನದು ಒಂದು ಫೈಲು, ಕೆಳಮುಖವಾಗಿದ್ದಾಗಿನದು ಇನ್ನೊಂದು.

ಕೆಲಸ ಹೇಳಲು ಸುಲಭ. ಮೂರೂ ಕೇಯಾನ್ ಆಗಿರುವ ಘಟನೆಗಳನ್ನು ಹೆಕ್ಕಬೇಕು, ಬಿ⁻ ಎಷ್ಟು, ಬಿ⁺ ಎಷ್ಟು ಎಂದು ಎಣಿಸಬೇಕು, ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಬೇಕು; ಅದೇ ಅಸಮತೆ. ಈ 2011ರ ದತ್ತಾಂಶದಿಂದ ಎಲ್‌ಎಚ್‌ಸಿಬಿ 2013ರಲ್ಲಿ ಪ್ರಕಟಿಸಿದ ಉತ್ತರ −0.043. ಅದರ ಜೊತೆಗಿನ ಅನಿಶ್ಚಿತತೆಗಳು ಮೂರು: 0.009, 0.003, 0.007. ನಿಮಗೆ −0.013, +0.04, −0.11 ಅಥವಾ ನೇರ ಸೊನ್ನೆ ಬಂದಿದ್ದರೆ ಮುಂದೆ ಓದಿ. −0.043 ಬಂದಿದ್ದರೂ ಓದಿ. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಸರಿ ಉತ್ತರ ಕೊಡುವುದು ಈ ಲೆಕ್ಕದಲ್ಲಿ ಅಪರೂಪವಲ್ಲ.

ನೀವು ಎಣಿಸಿದ್ದು ಕಚ್ಚಾ ಅಸಮತೆ. ಅದರೊಳಗೆ ನಾಲ್ಕು ಪಾಲುಗಳಿವೆ: ದ್ರವ್ಯ ಮತ್ತು ಪ್ರತಿದ್ರವ್ಯ ಬೇರೆಬೇರೆಯಾಗಿ ಒಡೆಯುವುದರಿಂದ ಬಂದ ನಿಜವಾದ ಪಾಲು, ಡಿಕ್ಕಿಯಲ್ಲಿ ಬಿ⁺ ಮತ್ತು ಬಿ⁻ ಸಮನಾಗಿ ಹುಟ್ಟದೇ ಇರುವುದರ ಪಾಲು, ಡಿಟೆಕ್ಟರ್ ಧನ ಮತ್ತು ಋಣ ಕಣಗಳನ್ನು ಸಮನಾಗಿ ಹಿಡಿಯದೇ ಇರುವುದರ ಪಾಲು, ಬ್ಯಾಕ್‌ಗ್ರೌಂಡ್ (ಬೇಕಾದ ಕ್ಷಯವಲ್ಲದ ಘಟನೆಗಳು) ತಂದು ಬೆರೆಸಿದ ಪಾಲು. ದೋಷ ಹುಡುಕುವುದೆಂದರೆ ಈ ನಾಲ್ಕರಲ್ಲಿ ಒಂದನ್ನು ಮಾತ್ರ ಅಲುಗಾಡಿಸುವ ಪರೀಕ್ಷೆ ಮಾಡಿ ಉತ್ತರ ಅಲುಗುತ್ತದೆಯೇ ಎಂದು ನೋಡುವುದು. ಎಲ್ಲ ಕಟ್‌ಗಳನ್ನೂ (ಘಟನೆಗಳನ್ನು ಹೆಕ್ಕುವ ಷರತ್ತುಗಳನ್ನು) ಒಟ್ಟಿಗೆ ಬದಲಿಸಿ ಉತ್ತರ ಸುಧಾರಿಸಿತೇ ಎಂದು ನೋಡುವುದು ದೋಷ ಹುಡುಕುವ ಕೆಲಸವಲ್ಲ, ಲಾಟರಿ.

ಫೈಲು ಮತ್ತು ಮೆಮೊರಿ

ಆಟಿ ತಿಂಗಳ ಮಳೆಗೆ ಕರೆಂಟು ಹೋಗಿ ಡೌನ್‌ಲೋಡ್ ಅರ್ಧಕ್ಕೆ ನಿಂತ ಫೈಲು ಕೆಲವೊಮ್ಮೆ ತೆರೆದುಕೊಳ್ಳುತ್ತದೆ, ಆದರೆ ಓದುತ್ತಾ ಓದುತ್ತಾ ಮಧ್ಯದಲ್ಲಿ ಕೈಕೊಡುತ್ತದೆ. ಪೋರ್ಟಲ್‌ನಲ್ಲಿ ಪ್ರತಿ ಫೈಲಿನ ಪಕ್ಕದಲ್ಲೇ ಗಾತ್ರವೂ ಚೆಕ್‌ಸಮ್ಮೂ ಇರುತ್ತವೆ. ಎರಡನ್ನೂ ತಾಳೆ ನೋಡಿ. ಎರಡೂ ಫೈಲುಗಳನ್ನು ಪೂರ್ತಿ ಬಿಚ್ಚಿದರೆ ಒಂದೂವರೆ ಜಿಬಿಯ ಆಸುಪಾಸು. ಪೈಥಾನಿನ ದತ್ತಾಂಶ ಲೈಬ್ರರಿ ಪಾಂಡಾಸ್‌ನಲ್ಲಿ ಒಂದೆರಡು ನಕಲು ಮಾಡಿದಿರೋ, 4 ಜಿಬಿ ಲ್ಯಾಪ್‌ಟಾಪ್‌ನಲ್ಲಿ ನೋಟ್‌ಬುಕ್ ಸದ್ದಿಲ್ಲದೆ ಸಾಯುತ್ತದೆ. ಇಂಥ ಫೈಲು ಓದುವ ಪೈಥಾನ್ ಲೈಬ್ರರಿ ಅಪ್‌ರೂಟ್‌ನಲ್ಲಿ ಐದೈದು ಲಕ್ಷ ಘಟನೆಗಳ ಕಂತುಗಳಾಗಿ ಓದಿ, ಪ್ರತಿ ಕಂತಿನಲ್ಲೂ ಮೊದಲು ಮ್ಯೂಆನ್ ಅಲ್ಲ ಎಂಬ ಷರತ್ತನ್ನೂ ಕೇಯಾನ್ ಸಂಭವನೀಯತೆ 0.5ಕ್ಕಿಂತ ಹೆಚ್ಚು ಎಂಬ ಷರತ್ತನ್ನೂ ಮೂರೂ ಕಣಗಳಿಗೆ ಹಾಕಿ, ಉಳಿದದ್ದನ್ನು ಮಾತ್ರ ಇಟ್ಟುಕೊಳ್ಳಿ. ಅಯಸ್ಕಾಂತದ ಧ್ರುವ ಯಾವುದು (ಮೇಲ್ಮುಖವೋ ಕೆಳಮುಖವೋ) ಎಂಬ ಒಂದು ಕಾಲಮ್ಮನ್ನು ಈಗಲೇ ಸೇರಿಸಿ. ಎರಡೂ ಫೈಲುಗಳನ್ನು ಒಂದಕ್ಕೊಂದು ಅಂಟಿಸಿದ ಮೇಲೆ ಅದನ್ನು ಮರಳಿ ಪಡೆಯಲಾಗುವುದಿಲ್ಲ.

ಶಿಖರ ಇರಬೇಕಾದಲ್ಲಿ ಇಲ್ಲ

ಮೂರು ಕೇಯಾನ್‌ಗಳ ಶಕ್ತಿ ಮತ್ತು ಸಂವೇಗ ಕೂಡಿಸಿ ತೆಗೆದ ರಾಶಿಯ ಹಿಸ್ಟೊಗ್ರಾಮ್‌ನಲ್ಲಿ 5279 ಎಂಇವಿಯ (ದಶಲಕ್ಷ ಎಲೆಕ್ಟ್ರಾನ್ ವೋಲ್ಟ್) ಹತ್ತಿರ ಚೂಪಾದ ಶಿಖರ ಬರಬೇಕು; ಅದರ ಅಗಲ ಸುಮಾರು 20 ಎಂಇವಿ. ಫೈಲಿನಲ್ಲಿ ಸಂವೇಗ ಇರುವುದು ಎಂಇವಿಯಲ್ಲಿ. ಕೇಯಾನ್ ರಾಶಿಯನ್ನು ಜಿಇವಿ (1000 ಎಂಇವಿ) ಲೆಕ್ಕದಲ್ಲಿ 0.4937 ಎಂದು ಬರೆದರೆ ಪ್ರೋಗ್ರಾಮ್ ದೂರುವುದಿಲ್ಲ, ಕೇಯಾನ್‌ಗಳು ರಾಶಿಯೇ ಇಲ್ಲದ ಕಣಗಳಾಗಿಬಿಡುತ್ತವೆ ಅಷ್ಟೇ. ಆಗ ಶಿಖರ ಕನಿಷ್ಠ 200 ಎಂಇವಿ ಕೆಳಗೆ ಸರಿದು, 5070ರ ಕೆಳಗೆ ಎಡಕ್ಕೆ ಉದ್ದ ಬಾಲ ಬಿಟ್ಟುಕೊಂಡು ಹರಡುತ್ತದೆ. ಇಂಥ ಚಿತ್ರ ಕಂಡರೆ 493.677 ಎಂದು ತಿದ್ದಿ, ಮುಂದೆ ಹೋಗಿ.

5279ರಲ್ಲಿ ಶಿಖರ ಇದ್ದು, ಅದರ ಬಲಕ್ಕೆ ಇನ್ನೊಂದು ದಿಬ್ಬ ಇದ್ದರೆ ಅದು ಬೇರೆ ಕಥೆ. ಪೈಯಾನ್‌ಗೆ ಕೇಯಾನಿನ ರಾಶಿ ಹಚ್ಚಿದರೆ ಶಕ್ತಿ ಹೆಚ್ಚಾಗಿ ಒಟ್ಟು ರಾಶಿ ಮೇಲಕ್ಕೆ ಹೋಗುತ್ತದೆ. ಒಟ್ಟು ಶಕ್ತಿಯ ಮೂರನೇ ಒಂದು ಪಾಲು ಹೊತ್ತ ಒಂದೇ ಪೈಯಾನ್ ತಪ್ಪು ಹೆಸರು ಪಡೆದರೆ ಏರಿಕೆ ಸುಮಾರು 64 ಎಂಇವಿ. ಎರಡು ಪೈಯಾನ್‌ಗಳು ತಪ್ಪಿದರೆ, ಅಂದರೆ ಕೇಯಾನ್-ಪೈಯಾನ್-ಪೈಯಾನ್ ಘಟನೆ ಮೂರು ಕೇಯಾನ್ ವೇಷ ಹಾಕಿ ಬಂದರೆ, ಏರಿಕೆ ಕನಿಷ್ಠ 85 ಎಂಇವಿ. ಪೈಯಾನ್ ನಿಧಾನದ್ದಾದಷ್ಟೂ ಹೆಚ್ಚು. ಈ ಸಂಖ್ಯೆ ನೆನಪಿಡಿ, ಬ್ಯಾಕ್‌ಗ್ರೌಂಡ್ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ. ಎಡಗಡೆ, ಸುಮಾರು 5140ರಿಂದ ಕೆಳಗೆ ಏಳುವ ದಿಬ್ಬ ಮಾತ್ರ ನಿರೀಕ್ಷಿತ: ಒಂದು ಪೈಯಾನನ್ನು ಬಿಟ್ಟು ಉಳಿದದ್ದನ್ನಷ್ಟೇ ಹಿಡಿದ ಬಿ ಕ್ಷಯಗಳು ಅವು.

ಸೊನ್ನೆ, ಮೂರನೇ ಒಂದು, ಅಥವಾ ತಿರುಗಿದ ಚಿಹ್ನೆ

ಇವು ಮೂರೂ ಭೌತಶಾಸ್ತ್ರದ ದೋಷಗಳಲ್ಲ, ಕೋಡಿನವು.

ಉತ್ತರ ಸರಿಯಾಗಿ 0 ಬಂದರೆ, ಸಿ++ ಮ್ಯಾಕ್ರೋದಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದ್ದೀರಿ. ಹಳೆಯ ಪೈಥಾನ್ 2 ಇರುವ ಲ್ಯಾಬ್ ಯಂತ್ರದಲ್ಲಿ ಇದೇ ತಪ್ಪಿಗೆ −1 ಬರುತ್ತದೆ. ಉತ್ತರ ನಾಲ್ಕು ಸಾವಿರವೋ ಲಕ್ಷವೋ ಬಂದರೆ ಎಣಿಕೆಗಳನ್ನು ಚಿಹ್ನೆಯಿಲ್ಲದ ಪೂರ್ಣಾಂಕದಲ್ಲಿ ಇಟ್ಟಿದ್ದೀರಿ. ಬಿ⁺ ಹೆಚ್ಚಿರುವಾಗ ವ್ಯತ್ಯಾಸ ಸೊನ್ನೆಯಿಂದ ಕೆಳಗಿಳಿಯುವ ಬದಲು 429 ಕೋಟಿಯ ತುದಿಗೆ ಹಾರುತ್ತದೆ.

ಉತ್ತರ ನಿರೀಕ್ಷೆಯ ಮೂರನೇ ಒಂದು ಪಾಲಿದ್ದರೆ, ಬಿಯ ಆವೇಶವನ್ನು ಹೇಗೆ ನಿರ್ಧರಿಸಿದ್ದೀರಿ ನೋಡಿ. ಮೂರೂ ಕಣಗಳ ಆವೇಶ ಕೂಡಿಸಬೇಕು. ಮೊತ್ತ +1 ಅಥವಾ −1 ಬರಬೇಕು. ಹಾಗೆ ಮಾಡದೆ ಮೊದಲ ಕಣದ ಆವೇಶವನ್ನೇ ಬಿಯ ಆವೇಶ ಎಂದುಕೊಂಡರೆ, ಕಣಗಳ ಕ್ರಮ ಹೇಗೆ ಬೇಕಾದರೂ ಇರುವಾಗ, ಮೂರರಲ್ಲಿ ಒಂದು ಸಲ ತಪ್ಪುತ್ತೀರಿ. ತಪ್ಪಿದ ಪ್ರತಿ ಘಟನೆ ಒಂದು ಕಡೆ ಕಳೆದು ಇನ್ನೊಂದು ಕಡೆ ಸೇರುವುದರಿಂದ ನಷ್ಟ ದುಪ್ಪಟ್ಟು: 1 − 2/3, ಅಂದರೆ 1/3. −0.04 ಇದ್ದದ್ದು −0.013 ಆಗುತ್ತದೆ, ಸಣ್ಣ ಉತ್ತರವಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಚಿಹ್ನೆ ತಿರುಗಿದ್ದರೆ, ಪ್ರಕಟಿತ ಲೆಕ್ಕದಲ್ಲಿ ಬಿ⁻ ಎಣಿಕೆಯಿಂದ ಬಿ⁺ ಎಣಿಕೆಯನ್ನು ಕಳೆಯುತ್ತಾರೆ ಎಂಬುದನ್ನು ಗಮನಿಸಿ. ಋಣ ಉತ್ತರ ಎಂದರೆ ಬಿ⁺ ಹೆಚ್ಚು.

ಕೋಡು ಶುದ್ಧವಾಗಿದೆಯೇ ಎಂದು ನೋಡುವ ಒಂದು ಪರೀಕ್ಷೆ: ಪ್ರತಿ ಘಟನೆಗೂ ನಾಣ್ಯ ಚಿಮ್ಮಿದಂತೆ ಯಾದೃಚ್ಛಿಕವಾಗಿ ಬಿ⁺ ಅಥವಾ ಬಿ⁻ ಎಂದು ಹೆಸರು ಹಚ್ಚಿ, ಅಸಮತೆ ತೆಗೆಯಿರಿ, ಸಾವಿರ ಸಲ ಹೀಗೆ ಮಾಡಿ. ಉತ್ತರಗಳ ಸರಾಸರಿ ಸೊನ್ನೆ ಇರಬೇಕು, ಹರಡಿಕೆ 1/√ಎಣಿಕೆ ಇರಬೇಕು. 10,000 ಘಟನೆಗೆ 0.01, 40,000ಕ್ಕೆ 0.005. ಇಲ್ಲೇ ಸೊನ್ನೆ ಬರದಿದ್ದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಎರಡು ಧ್ರುವಗಳ ಉತ್ತರ ತಾಳೆಯಾಗುವುದಿಲ್ಲ

ಹೆಚ್ಚಿನವರು ಗಾಬರಿಯಾಗುವುದು ಇಲ್ಲಿ, ಗಾಬರಿಯಾಗಬೇಕಿಲ್ಲದ್ದೂ ಇಲ್ಲೇ. ಮೇಲ್ಮುಖ ಫೈಲಿನಲ್ಲಿ ಒಂದು ಉತ್ತರ, ಕೆಳಮುಖದಲ್ಲಿ ಇನ್ನೊಂದು ಬಂದರೆ ಅದು ಉಪಕರಣ ತನ್ನ ಓರೆಯನ್ನು ತಾನೇ ತೋರಿಸಿಕೊಟ್ಟಂತೆ.

ಜೋಡುಕರೆ ಕಂಬಳ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಒಂದು ಕರೆಯಲ್ಲಿ ಕೆಸರು ಸ್ವಲ್ಪ ಆಳ, ಇನ್ನೊಂದರಲ್ಲಿ ಕಡಿಮೆ. ಒಂದೇ ಓಟ ನೋಡಿ ಯಾವ ಜೋಡಿ ಕೋಣ ವೇಗದ್ದು ಎಂದು ಹೇಳಲಾಗದು; ಕರೆ ಬದಲಿಸಿ ಇನ್ನೊಮ್ಮೆ ಓಡಿಸಬೇಕು. ಎಲ್‌ಎಚ್‌ಸಿಬಿಯ ದ್ವಿಧ್ರುವ ಅಯಸ್ಕಾಂತ ಧನ ಕಣಗಳನ್ನು ಒಂದು ಬದಿಗೆ, ಋಣ ಕಣಗಳನ್ನು ಇನ್ನೊಂದು ಬದಿಗೆ ಬಾಗಿಸುತ್ತದೆ. ಎಡಬದಿಯಲ್ಲಿ ನಾಲ್ಕು ಚಾನೆಲ್ ಸತ್ತಿದ್ದರೆ ಅಲ್ಲಿಗೆ ಹೋಗುವ ಆವೇಶದ ಕಣಗಳಷ್ಟೇ ಕಡಿಮೆ ಎಣಿಕೆಯಾಗುತ್ತವೆ. ಪ್ರಯೋಗದವರು ಆಗಾಗ ಧ್ರುವ ತಿರುಗಿಸುವುದು ಇದಕ್ಕೇ: ಆಗ ಧನ, ಋಣ ಕಣಗಳು ಕರೆ ಬದಲಿಸುತ್ತವೆ.

ಲೆಕ್ಕದಲ್ಲಿ ತಪ್ಪು ನುಸುಳುವುದು ಸರಾಸರಿ ತೆಗೆಯುವಾಗ. ಒಂದು ಕಲ್ಪಿತ ಉದಾಹರಣೆ: ಮೇಲ್ಮುಖದಲ್ಲಿ +0.012 ± 0.010, ಕೆಳಮುಖದಲ್ಲಿ −0.068 ± 0.008. ಅಂತರ 0.080, ಅದರ ಅನಿಶ್ಚಿತತೆ 0.0128, ಅಂದರೆ ಆರು ಸಿಗ್ಮಾಕ್ಕೂ (ಅನಿಶ್ಚಿತತೆಯ ಆರು ಪಟ್ಟಿಗೂ) ಹೆಚ್ಚು. ಎಡ-ಬಲದ ಓರೆ ಇರುವುದು ಖಚಿತ. ಈಗ ಪಾಠಪುಸ್ತಕದಲ್ಲಿರುವಂತೆ ಅನಿಶ್ಚಿತತೆಯ ವರ್ಗದ ವಿಲೋಮದಿಂದ ತೂಕ ಹಾಕಿ ಸರಾಸರಿ ತೆಗೆದರೆ −0.037 ಬರುತ್ತದೆ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ −0.028. ಸರಿಯಾದದ್ದು ಎರಡನೆಯದು. ತೂಕದ ಸರಾಸರಿ ಎರಡೂ ಒಂದೇ ಸಂಖ್ಯೆಯ ಅಳತೆಗಳು ಎಂದು ನಂಬಿಕೊಂಡಿರುತ್ತದೆ. ಇಲ್ಲಿ ಅವು ಒಂದೇ ಅಲ್ಲ, ಒಂದರಲ್ಲಿ ಓರೆ ಕೂಡಿದೆ, ಇನ್ನೊಂದರಲ್ಲಿ ಕಳೆದಿದೆ. ತೂಕ ಸಮ ಇದ್ದರೆ ಮಾತ್ರ ಓರೆ ರದ್ದಾಗುತ್ತದೆ. ಅನಿಶ್ಚಿತತೆ ಆಗ ½√(0.010² + 0.008²), ಅಂದರೆ 0.0064. ಎರಡು ಫೈಲುಗಳನ್ನೂ ಅಂಟಿಸಿ ಒಟ್ಟಿಗೆ ಎಣಿಸುವುದೂ ತೂಕ ಹಾಕಿದಂತೆಯೇ, ಕೆಳಮುಖದ ಫೈಲಿನಲ್ಲಿ ಘಟನೆಗಳು ಹೆಚ್ಚಿರುವುದರಿಂದ.

ಧ್ರುವ ತಿರುಗಿಸಿದ ಮಾತ್ರಕ್ಕೆ ಎಲ್ಲ ಓರೆಯೂ ಹೋಗುವುದಿಲ್ಲ. ಎರಡು ಪ್ರೋಟಾನ್ ಕಿರಣಗಳು ಸಂಧಿಸುವ ಕೋನದಲ್ಲಿ ಒಂದು ಭಾಗ ಅಯಸ್ಕಾಂತದೊಂದಿಗೆ ತಿರುಗುತ್ತದೆ, ಇನ್ನೊಂದು ಭಾಗ ತಿರುಗುವುದಿಲ್ಲ. ಚಾನೆಲ್‌ಗಳು ಮಧ್ಯದಲ್ಲಿ ಕೆಟ್ಟು ದುರಸ್ತಿಯಾಗಿರಬಹುದು. ಉಳಿಯುವ ಶೇಷ ಸಣ್ಣದು; ಪ್ರಾಜೆಕ್ಟ್ ಮಟ್ಟದಲ್ಲಿ ಅದನ್ನು ವ್ಯವಸ್ಥಿತ ಅನಿಶ್ಚಿತತೆ ಎಂದು ಬರೆದರೆ ಸಾಕು.

ಬ್ಯಾಕ್‌ಗ್ರೌಂಡ್ ಉತ್ತರವನ್ನು ಎಳೆಯುತ್ತಿದೆ

ಶಿಖರದ ಕಿಟಕಿಯಲ್ಲಿ, ಉದಾಹರಣೆಗೆ 5220ರಿಂದ 5340ರ ತನಕ, ಇರುವುದೆಲ್ಲ ಬಿ ಅಲ್ಲ. ಕಿಟಕಿಯಲ್ಲಿ 60% ಸಿಗ್ನಲ್, 40% ಬ್ಯಾಕ್‌ಗ್ರೌಂಡ್ ಇದ್ದು, ಸಿಗ್ನಲ್‌ನ ಅಸಮತೆ −0.04, ಬ್ಯಾಕ್‌ಗ್ರೌಂಡ್‌ನದು +0.02 ಆಗಿದ್ದರೆ ನಿಮಗೆ ಕಾಣುವುದು −0.024 + 0.008 = −0.016. ಬ್ಯಾಕ್‌ಗ್ರೌಂಡ್‌ಗೆ ಅಸಮತೆಯೇ ಇರುವುದಿಲ್ಲ ಎಂದುಕೊಳ್ಳುವುದು ಸೋಮಾರಿತನ, ಎಣಿಸಿ ನೋಡಿ.

ಸರಳ ವಿಧಾನ ಪಕ್ಕದ ಪಟ್ಟಿಯನ್ನು ಕಳೆಯುವುದು. ಎಡಪಟ್ಟಿ ಬೇಡ, ಅಲ್ಲಿ ಅರ್ಧಂಬರ್ಧ ಹಿಡಿದ ಬಿಗಳಿವೆ. ಬಲಪಟ್ಟಿ 5400ರಿಂದ 5600 ತೆಗೆದುಕೊಂಡರೆ ಅದರ ಅಗಲ 200, ಕಿಟಕಿಯದು 120. ಹಾಗಾಗಿ ಪಟ್ಟಿಯ ಎಣಿಕೆಯನ್ನು 0.6ರಿಂದ ಗುಣಿಸಿ, ಬಿ⁺ ಮತ್ತು ಬಿ⁻ಗೆ ಬೇರೆಬೇರೆಯಾಗಿ ಕಳೆಯಬೇಕು. ಇದರಲ್ಲಿ ಕೆಡುವ ಜಾಗಗಳು ಮೂರು.

ಒಂದು, 0.6 ಸರಿಯಾಗುವುದು ಬ್ಯಾಕ್‌ಗ್ರೌಂಡ್ ಸಮತಟ್ಟಾಗಿದ್ದರೆ ಮಾತ್ರ. ಸಾಮಾನ್ಯವಾಗಿ ಅದು ಎಡಕ್ಕೆ ಏರುತ್ತಾ ಹೋಗುವ ಘಾತೀಯ ಇಳಿಜಾರು, ಆದ್ದರಿಂದ ಕಿಟಕಿಯಲ್ಲಿ 0.6ಕ್ಕಿಂತ ಹೆಚ್ಚೇ ಇರುತ್ತದೆ. ಇಳಿಜಾರನ್ನು ಫಿಟ್ ಮಾಡಿ ಗುಣಕ ತೆಗೆಯಿರಿ.

ಎರಡು, ಆಗಲೇ ಹೇಳಿದ ಆ 85 ಎಂಇವಿ. ವೇಷ ಹಾಕಿದ ಕೇಯಾನ್-ಪೈಯಾನ್-ಪೈಯಾನ್ ಘಟನೆಗಳು 5364ರಿಂದ ಮೇಲಕ್ಕೆ ಬೀಳುತ್ತವೆ, ಅಂದರೆ ನಿಮ್ಮ ಬಲಪಟ್ಟಿಯ ಒಳಗೇ. ಆ ಕ್ಷಯಕ್ಕೂ ತನ್ನದೇ ಅಸಮತೆ ಇದೆ, ಅದೂ ಧನ ಚಿಹ್ನೆಯದು: ಅದೇ 2013ರ ಪ್ರಕಟಣೆಯಲ್ಲಿ +0.032. ಬ್ಯಾಕ್‌ಗ್ರೌಂಡ್ ಎಂದು ಕಳೆಯುತ್ತಿರುವುದು ಇನ್ನೊಂದು ಸಿಗ್ನಲ್ ಆಗಿಬಿಟ್ಟರೆ ನಿಮ್ಮ ಉತ್ತರ ಋಣದ ಕಡೆಗೆ ಉಬ್ಬುತ್ತದೆ. ಪರೀಕ್ಷೆ ಸುಲಭ: ಬಲಪಟ್ಟಿಯ ಘಟನೆಗಳಿಗೆ ಕೇಯಾನ್-ಪೈಯಾನ್-ಪೈಯಾನ್ ರಾಶಿ ಹಚ್ಚಿ ಮತ್ತೆ ಹಿಸ್ಟೊಗ್ರಾಮ್ ಹಾಕಿ. 5279ರಲ್ಲಿ ಗುಡ್ಡ ಎದ್ದರೆ ಕಳ್ಳ ಸಿಕ್ಕಿದ. ಮೂರೂ ಕಣಗಳಿಗೆ ಪೈಯಾನ್ ಸಂಭವನೀಯತೆ 0.5ಕ್ಕಿಂತ ಕಡಿಮೆ ಎಂಬ ಷರತ್ತು ಸೇರಿಸಿ.

ಮೂರು, ಅನಿಶ್ಚಿತತೆ. ಕಿಟಕಿಯಲ್ಲಿ 16,000, ಪಟ್ಟಿಯಲ್ಲಿ 10,000 ಇದ್ದರೆ ಸಿಗ್ನಲ್ 10,000. ಅದಕ್ಕೆ 1/√10000 = 0.01 ಎಂದು ಬರೆಯುವುದು ತಪ್ಪು. ಕಳೆದದ್ದರ ಏರಿಳಿತವೂ ಸೇರಬೇಕು: √(16000 + 0.36 × 10000) ÷ 10000 = 0.014. ನಾಲ್ಕು ಸಿಗ್ಮಾ ಎಂದು ಬೀಗಿದ್ದು ಮೂರಕ್ಕೆ ಇಳಿಯುವುದು ಹೆಚ್ಚಾಗಿ ಇಲ್ಲೇ.

ಫಿಟ್ ಮಾಡುವವರು ಬಿ⁺ ಮತ್ತು ಬಿ⁻ಗೆ ಪ್ರತ್ಯೇಕ ಫಿಟ್ ಹಾಕಬೇಡಿ. ಶಿಖರದ ಬಾಲ ಒಂದರಲ್ಲಿ ಉದ್ದವಾಗಿ ಬ್ಯಾಕ್‌ಗ್ರೌಂಡನ್ನು ನುಂಗುತ್ತದೆ, ಇನ್ನೊಂದರಲ್ಲಿ ನುಂಗುವುದಿಲ್ಲ. ಅಷ್ಟೇ ಸಾಕು ಸುಳ್ಳು ಅಸಮತೆ ಹುಟ್ಟಲು. ಆಕಾರ ಎರಡಕ್ಕೂ ಒಂದೇ, ಎಣಿಕೆ ಮಾತ್ರ ಬೇರೆ ಎಂದು ಒಟ್ಟಿಗೆ ಫಿಟ್ ಮಾಡಿ. ಶಿಖರದ ಕೇಂದ್ರವನ್ನು ಮಾತ್ರ ಸ್ವತಂತ್ರವಾಗಿ ಬಿಡಬಹುದು, ಏಕೆಂದರೆ ಡಿಟೆಕ್ಟರ್ ಪದರಗಳ ಜೋಡಣೆಯಲ್ಲಿನ ಸಣ್ಣ ಓರೆ ಅದನ್ನು ಆವೇಶಕ್ಕೆ ತಕ್ಕಂತೆ ಅತ್ತಿತ್ತ ಸರಿಸಬಲ್ಲದು.

ಎಲ್ಲ ಸರಿ ಮಾಡಿದರೂ ಉಳಿಯುವ ಒಂದು ಶೇಕಡಾ

ಡಿಕ್ಕಿ ಹೊಡೆಯುವುದು ಪ್ರೋಟಾನ್ ಪ್ರೋಟಾನಿಗೆ. ಆರಂಭದಲ್ಲೇ ದ್ರವ್ಯ ಹೆಚ್ಚು. ಪ್ರೋಟಾನಿನೊಳಗಿನ ಅಪ್ ಕ್ವಾರ್ಕ್ ಪ್ರತಿ-ಬಾಟಮ್ ಕ್ವಾರ್ಕಿನ ಜೊತೆ ಸೇರಿ ಬಿ⁺ ಆಗಬಹುದು, ಬಿ⁻ಗೆ ಅಂಥ ಸಿದ್ಧ ಜೋಡಿ ಇಲ್ಲ. ಇದರ ಮೇಲೆ ಕೇಯಾನಿನ ತಾರತಮ್ಯ. ಕೆ⁻ನಲ್ಲಿರುವ ಸ್ಟ್ರೇಂಜ್ ಕ್ವಾರ್ಕ್ ಡಿಟೆಕ್ಟರಿನ ವಸ್ತುವಿನ ನ್ಯೂಕ್ಲಿಯಾನ್‌ಗೆ ಬಡಿದು ಲ್ಯಾಂಬ್ಡಾ, ಸಿಗ್ಮಾದಂಥ ಹೈಪರಾನ್ ಆಗಿ ಮಾಯವಾಗಬಲ್ಲದು. ಕೆ⁺ಗೆ ಆ ದಾರಿ ಮುಚ್ಚಿದೆ. ಆದ್ದರಿಂದ ಕೆ⁻ ಹೆಚ್ಚು ಕಳೆದುಹೋಗುತ್ತದೆ, ಸುಮಾರು ಶೇಕಡಾ ಒಂದರ ಮಟ್ಟದಲ್ಲಿ. ಧ್ರುವ ತಿರುಗಿಸಿದರೂ ಇದು ರದ್ದಾಗುವುದಿಲ್ಲ. ಮೂರು ಕೇಯಾನ್ ಕ್ಷಯದಲ್ಲಿ ಕೆ⁺ ಕೆ⁻ ಜೋಡಿ ಒಂದನ್ನೊಂದು ಸರಿದೂಗಿಸಿಕೊಂಡು, ಬಿಯ ಆವೇಶವೇ ಇರುವ ಒಂಟಿ ಕೇಯಾನಿನ ಓರೆ ಉಳಿಯುತ್ತದೆ, ಅದೂ ಋಣದ ಕಡೆಗೆ. ನಿಜವಾದ ಅಸಮತೆ ಇರುವುದೂ ಅದೇ ಕಡೆಗೆ ಎಂಬುದು ಇಲ್ಲಿನ ಅಪಾಯ.

ಎಲ್‌ಎಚ್‌ಸಿಬಿ ಇದನ್ನು ಬಿ⁺ ಒಡೆದು ಜೆ/ಸೈ (ಚಾರ್ಮ್ ಕ್ವಾರ್ಕ್ ಮತ್ತು ಅದರ ಪ್ರತಿಕ್ವಾರ್ಕ್ ಸೇರಿದ ಮೆಸಾನ್) ಮತ್ತು ಒಂದು ಕೇಯಾನ್ ಆಗುವ ಕ್ಷಯದಿಂದ ಅಳೆದು ಕಳೆದಿತು. ಅಲ್ಲೂ ಒಂಟಿ ಕೇಯಾನ್, ನಿಜವಾದ ಅಸಮತೆ ಸೊನ್ನೆಯ ಹತ್ತಿರ. ಪ್ರಕಟಿತ ಉತ್ತರದ ಮೂರನೇ ಅನಿಶ್ಚಿತತೆ 0.007 ಬಂದದ್ದು ಆ ಕ್ಷಯದ ಅಸಮತೆ ಆಗ ಎಷ್ಟು ನಿಖರವಾಗಿ ಗೊತ್ತಿತ್ತೋ ಅದರಿಂದ. ಈ ಕಡತಗಳಲ್ಲಿರುವುದು ಹ್ಯಾಡ್ರಾನ್‌ಗಳಿಗೆಂದು ಆಯ್ದ ಘಟನೆಗಳು, ಜೆ/ಸೈಗೆ ಇವನ್ನು ನೆಚ್ಚಿಕೊಳ್ಳಲಾಗದು. ಆದರೆ ಬದಲಿ ಇದೆ: ಬಿ⁻ ಒಡೆದು ಡಿ⁰ (ಚಾರ್ಮ್ ಕ್ವಾರ್ಕ್ ಇರುವ ಮೆಸಾನ್) ಮತ್ತು ಪೈ⁻ ಆಗಿ, ಆ ಡಿ⁰ ಮತ್ತೆ ಕೆ⁻ ಪೈ⁺ ಆಗುವುದು. ಕೊನೆಗೆ ಉಳಿಯುವುದು ಕೆ⁻ ಪೈ⁺ ಪೈ⁻. ಪೈಯಾನ್‌ಗಳು ಸರಿದೂಗಿದರೆ ಮತ್ತೆ ಅದೇ ಒಂಟಿ ಕೇಯಾನ್. ಇಲ್ಲೂ ನಿಜವಾದ ಅಸಮತೆ ತೀರಾ ಸಣ್ಣದು. ಒಂದು ಕೇಯಾನ್, ಎರಡು ಪೈಯಾನ್ ಇರುವ ಘಟನೆಗಳನ್ನು ಹೆಕ್ಕಿ, ಕೇಯಾನಿನ ಆವೇಶ ಬಿಯದ್ದೇ ಇರಬೇಕೆಂದು ಷರತ್ತು ಹಾಕಿ, ವಿರುದ್ಧ ಆವೇಶದ ಕೇಯಾನ್-ಪೈಯಾನ್ ಜೋಡಿಯ ರಾಶಿ 1865 ± 30 ಎಂಇವಿ ಒಳಗೆ ಇರುವವನ್ನು ಇಟ್ಟುಕೊಳ್ಳಿ. ಇಲ್ಲಿ ಬರುವ ಅಸಮತೆಯೇ ನೀವು ಕಳೆಯಬೇಕಾದ ಸಂಖ್ಯೆ. ಇಲ್ಲೇ ಶೇಕಡಾ ಐದು ಬಂದರೆ ದೋಷ ಮೂರು ಕೇಯಾನ್ ಆಯ್ಕೆಯಲ್ಲಿಲ್ಲ, ಅದಕ್ಕೂ ಹಿಂದೆ ಎಲ್ಲೋ ಇದೆ. ಎರಡೂ ಮಾದರಿಗಳಲ್ಲಿ ಒಂಟಿ ಕೇಯಾನಿನ ಸಂವೇಗದ ಹರಡಿಕೆ ಬೇರೆ ಇರುವುದರಿಂದ ತೂಕ ಹಾಕಿ ಸರಿಹೊಂದಿಸುವುದು ಒಳ್ಳೆಯದು.

ಮೂರು ಕೇಯಾನ್ ಮಾದರಿಯಿಂದಲೂ ಕೆ⁺ ಕೆ⁻ ಜೋಡಿ ಇದೇ 1865 ± 30 ಒಳಗೆ ಬರುವವನ್ನು ತೆಗೆದುಹಾಕಿ. ಅವು ಡಿ⁰ ಮೂಲಕ ಬಂದವು, ನಿಮಗೆ ಬೇಕಾದ ಕ್ಷಯವಲ್ಲ.

ಡಾಲಿಟ್ಜ್ ಚಿತ್ರದಲ್ಲಿ ಬೆಂಕಿ ಬಣ್ಣದ ಚೌಕಗಳು

ಮೂರು ಕೇಯಾನ್‌ಗಳಲ್ಲಿ ವಿರುದ್ಧ ಆವೇಶದ ಜೋಡಿಗಳು ಎರಡು. ಈ ಜೋಡಿಗಳ ರಾಶಿಯ ವರ್ಗಗಳನ್ನು ಎರಡು ಅಕ್ಷಗಳಲ್ಲಿ ಹಾಕಿದ ನಕ್ಷೆಯೇ ಡಾಲಿಟ್ಜ್ ಚಿತ್ರ. ಸಣ್ಣ ರಾಶಿಯದು ಒಂದು ಅಕ್ಷಕ್ಕೆ, ದೊಡ್ಡದು ಇನ್ನೊಂದಕ್ಕೆ. ಹೀಗೆ ವಿಂಗಡಿಸದಿದ್ದರೆ ಒಂದೇ ರಚನೆ ಎರಡೂ ಅಕ್ಷಗಳ ಮೇಲೆ ಹಂಚಿಹೋಗಿ ಕಲಸಿಹೋಗುತ್ತದೆ. ಅಕ್ಷ ಸರಿಯಿದೆಯೇ ಎಂದು ನೋಡಲು: ರಾಶಿಯ ವರ್ಗ 0.975 ಜಿಇವಿ²ಗಿಂತ ಕೆಳಗೆ ಒಂದು ಚುಕ್ಕಿಯೂ ಬೀಳಬಾರದು, 1.04ರಲ್ಲಿ ಫೈ ಮೆಸಾನಿನ ಗೆರೆ ಎದ್ದು ಕಾಣಬೇಕು.

ಇಲ್ಲಿ ದೊಡ್ಡ ಅಸಮತೆ ಕಂಡರೆ ಅದು ದೋಷವೇ ಆಗಬೇಕಿಲ್ಲ. ಸಣ್ಣ ವರ್ಗ 1.2ರಿಂದ 2.0 ಮತ್ತು ದೊಡ್ಡದು 15ಕ್ಕಿಂತ ಕಡಿಮೆ ಇರುವ ಪ್ರದೇಶದಲ್ಲಿ ಪ್ರಕಟಿತ ಉತ್ತರವೇ −0.226. ಅನುಮಾನಿಸಬೇಕಾದದ್ದು ಮೂಲೆಯಲ್ಲಿ ಒಂಟಿಯಾಗಿ ಹೊಳೆಯುವ ಚೌಕಗಳನ್ನು. ಆರು ಘಟನೆಯಲ್ಲಿ ಐದು ಬಿ⁺ ಆದರೆ ಅಸಮತೆ −0.67, ಅರ್ಥ ಏನೂ ಇಲ್ಲ. ಸಮಾನ ಗಾತ್ರದ ಚೌಕಗಳ ಬದಲು ಸಮಾನ ಎಣಿಕೆಯ ಚೌಕಗಳನ್ನು ಮಾಡಿ, ಅಸಮತೆಯ ಬದಲು ಅಸಮತೆ ಭಾಗ ಅನಿಶ್ಚಿತತೆಯನ್ನು ಬಣ್ಣ ಹಚ್ಚಿ. 100 ಚೌಕಗಳಿದ್ದರೆ ಏನೂ ಇಲ್ಲದಿದ್ದರೂ ನಾಲ್ಕೈದು ಎರಡು ಸಿಗ್ಮಾ ದಾಟುತ್ತವೆ.

ಕಟ್ ಬಿಗಿ ಮಾಡಿದಂತೆ ಉತ್ತರ ಜಾರುತ್ತದೆ

ಕೇಯಾನ್ ಸಂಭವನೀಯತೆಯನ್ನು 0.5ರಿಂದ 0.9ಕ್ಕೆ ಏರಿಸಿದಾಗ ಉತ್ತರ ಬದಲಾದರೆ, ಗುರುತಿಸುವಿಕೆಯೇ ಆವೇಶಕ್ಕೆ ಪಕ್ಷಪಾತ ಮಾಡುತ್ತಿರಬಹುದು. ಆದರೆ ಎಷ್ಟು ಬದಲಾದರೆ ಹೆಚ್ಚು? ಬಿಗಿ ಮಾದರಿ ಸಡಿಲ ಮಾದರಿಯ ಒಳಗೇ ಇರುವುದರಿಂದ ಅನಿಶ್ಚಿತತೆಗಳ ವರ್ಗಗಳನ್ನು ಕೂಡಿಸಬಾರದು, ಕಳೆಯಬೇಕು. ಸಡಿಲದ್ದು 0.006, ಬಿಗಿಯದು 0.008 ಆದರೆ ವ್ಯತ್ಯಾಸದ ಅನಿಶ್ಚಿತತೆ √(0.008² − 0.006²) = 0.0053. ಉತ್ತರ 0.004 ಸರಿದರೆ ಸುಮ್ಮನಿರಿ, 0.016 ಸರಿದರೆ ಸಂವೇಗದ ಕಂತುಗಳಾಗಿ ಒಡೆದು ಎಲ್ಲಿ ಸರಿಯುತ್ತದೆ ನೋಡಿ.

ಕಟ್ ಎಲ್ಲಿ ನಿಲ್ಲಿಸಬೇಕೆಂದು ನಿರ್ಧರಿಸುವುದು ಬಿ⁺, ಬಿ⁻ ಎರಡನ್ನೂ ಕೂಡಿಸಿದ ಹಿಸ್ಟೊಗ್ರಾಮ್ ನೋಡಿಕೊಂಡು ಮಾತ್ರ, ಅಸಮತೆ ನೋಡಿಕೊಂಡಲ್ಲ. ಪ್ರಕಟಿತ ಉತ್ತರ ಮೊದಲೇ ಗೊತ್ತಿರುವ ಇಂಥ ಪ್ರಾಜೆಕ್ಟ್‌ಗಳಲ್ಲಿ ಇದು ಇನ್ನೂ ಕಷ್ಟ. ಗೆಳೆಯರೊಬ್ಬರ ಕೈಯಿಂದ ಕೋಡಿನಲ್ಲಿ ಗುಟ್ಟಾದ ಒಂದು ಸಂಖ್ಯೆ ಸೇರಿಸಿ, ಉತ್ತರಕ್ಕೆ ಅದು ಕೂಡಿ ಬರುವಂತೆ ಮಾಡಿ; ನಾಣ್ಯ ಚಿಮ್ಮಿ ಆವೇಶ ಬೆರೆಸುವ ಪರೀಕ್ಷೆ, ಧ್ರುವಗಳ ಸರಾಸರಿ, ಡಿ⁰ ಹೋಲಿಕೆ ಮೂರೂ ಮುಗಿದ ಮೇಲೆ ಅದನ್ನು ತೆಗೆಯಿರಿ.